ಈರುಳ್ಳಿ ಬೆಳೆಯಲ್ಲಿ ನೀರು ಮತ್ತು ಸಾರಜನಕ: ಒಂದೇ ಖಾತೆಯ ಎರಡು ಬಾಬುಗಳು

ಚಳ್ಳಕೆರೆ ಎಂದೊಡನೆ ವಾಣಿಜ್ಯ ವಲಯಕ್ಕೆ ನೆನಪಾಗುವುದು ಶೇಂಗಾ ಹಾಗೂ ಎಣ್ಣೆ ಗಿರಣಿಗಳು. ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆ. ಆದರೆ ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಕೊಳವೆ ಬಾವಿಯನ್ನು ನಂಬಿ ಬೇಸಾಯ ಮಾಡುವ ಅನೇಕ ಕುಟುಂಬಗಳಿಗೆ ವರ್ಷದ ನಗದು ಹಣವನ್ನು ತಂದುಕೊಡುವ ಬೆಳೆ ಈರುಳ್ಳಿಯಾಗಿದೆ. ಗೊಬ್ಬರದ ಅಂಗಡಿ, ಗೋಣಿಚೀಲದ ವ್ಯಾಪಾರ, ಲಾರಿ ಸಾಗಣೆ, ದಲ್ಲಾಳಿ ಮಂಡಿ, ಬ್ಯಾಂಕಿನ ಬೆಳೆಸಾಲ ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಈ ಬೆಳೆಯೊಡನೆ ಹೆಣೆದುಕೊಂಡಿವೆ.

ಈರುಳ್ಳಿಯ ಬೆಲೆ ಬೆಳೆಗಾರನ ಹಿಡಿತದಲ್ಲಿಲ್ಲ, ವರ್ತಕನ ಹಿಡಿತದಲ್ಲೂ ಇಲ್ಲ. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್, 2020ರ ಸೆಪ್ಟೆಂಬರ್ ಮತ್ತು 2023ರ ಡಿಸೆಂಬರ್‌ನಲ್ಲಿ ರಫ್ತನ್ನು ನಿಷೇಧಿಸಿದ್ದು, 2023ರ ಆಗಸ್ಟ್‌ನಲ್ಲಿ ಶೇ. 40ರ ರಫ್ತು ಸುಂಕವನ್ನು ವಿಧಿಸಿದ್ದು, 2025ರ ಏಪ್ರಿಲ್‌ನಿಂದ ಸುಂಕವನ್ನು ಪೂರ್ಣವಾಗಿ ತೆಗೆದುಹಾಕಿದ್ದು ಎಲ್ಲವೂ ದೆಹಲಿಯ ತೀರ್ಮಾನಗಳೇ. ಹೊಲದ ಮಟ್ಟದಲ್ಲಿ ಬೆಳೆಗಾರನ ಕೈಯಲ್ಲಿ ಉಳಿಯುವ ಮುಖ್ಯ ನಿರ್ಧಾರಗಳು ಎರಡು: ಎಷ್ಟು ನೀರು ಹಾಯಿಸಬೇಕು, ಎಷ್ಟು ಸಾರಜನಕ ಗೊಬ್ಬರ ಹಾಕಬೇಕು. ಸಾಮಾನ್ಯವಾಗಿ ಇವೆರಡನ್ನೂ ಪ್ರತ್ಯೇಕವಾಗಿ ಯೋಚಿಸಲಾಗುತ್ತದೆ. ವಾಸ್ತವದಲ್ಲಿ ಇವು ಒಂದೇ ಖಾತೆಯ ಎರಡು ಬಾಬುಗಳು. ಒಂದರಲ್ಲಿ ಮಾಡಿದ ಅತಿಖರ್ಚು ಮತ್ತೊಂದರಲ್ಲಿ ನಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಕೊನೆಗೆ ಆ ನಷ್ಟ ಮಂಡಿಯವರೆಗೂ ಬರುತ್ತದೆ. ಈ ಲೆಕ್ಕವನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಬೆಳೆಯ ಸ್ವಭಾವ

ಈರುಳ್ಳಿ ಗೆಡ್ಡೆಯೆಂದರೆ ಬೇರಲ್ಲ, ಕಾಯಿಯೂ ಅಲ್ಲ. ಎಲೆಗಳ ಬುಡಭಾಗವು ಉಬ್ಬಿ, ಪದರ ಪದರವಾಗಿ ಕೂಡಿಕೊಂಡದ್ದೇ ಗೆಡ್ಡೆ. ಆದ್ದರಿಂದ ಮೊದಲ ಹಂತದಲ್ಲಿ ಎಷ್ಟು ಆರೋಗ್ಯಕರ ಎಲೆಗಳು ಬರುತ್ತವೆಯೋ ಗೆಡ್ಡೆಯ ಗಾತ್ರಕ್ಕೆ ಅಷ್ಟು ಬುನಾದಿ ಬಿದ್ದಂತೆ. ಎಲೆ ಬೆಳೆಯಲು ಸಾರಜನಕ ಬೇಕು. ಎರಡನೆಯ ಹಂತದಲ್ಲಿ ಹೊಸ ಎಲೆ ಬರುವುದು ನಿಂತು, ಇರುವ ಎಲೆಗಳ ಸತ್ವ ಕೆಳಗಿಳಿದು ಬುಡ ಉಬ್ಬಬೇಕು. ಮೂರನೆಯ ಹಂತದಲ್ಲಿ ಕತ್ತು ಮೆತ್ತಗಾಗಿ, ಎಲೆ ಬಾಗಿ ಬಿದ್ದು, ಕತ್ತು ಒಣಗಿ ಮುಚ್ಚಿಕೊಳ್ಳಬೇಕು. ಒಣಗಿದ ಕತ್ತು ಗೆಡ್ಡೆಗೆ ಹಾಕಿದ ಬೀಗವಿದ್ದಂತೆ. ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಒಳಹೋಗುವ ದಾರಿಯನ್ನು ಅದು ಮುಚ್ಚುತ್ತದೆ.

ಬೇರಿನ ವಿಚಾರದಲ್ಲಿ ಈರುಳ್ಳಿ ಬಡವ. ಅದರ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನ 15ರಿಂದ 30 ಸೆಂ.ಮೀ. ಆಳದೊಳಗೇ ಇರುತ್ತವೆ, ಕವಲುಗಳೂ ಕಡಿಮೆ. ಶೇಂಗಾ ಅಥವಾ ತೊಗರಿಯಂತೆ ಆಳಕ್ಕಿಳಿದ ನೀರನ್ನಾಗಲಿ ಗೊಬ್ಬರವನ್ನಾಗಲಿ ಹುಡುಕಿ ತರುವ ಶಕ್ತಿ ಅದಕ್ಕಿಲ್ಲ. ಒಂದು ಗೇಣಿನಷ್ಟು ಮಣ್ಣಿನಿಂದ ಕೆಳಗೆ ಜಾರಿದ್ದೆಲ್ಲವೂ ಬೆಳೆಯ ಪಾಲಿಗೆ ನಷ್ಟವೇ ಸರಿ.

ನೀರಿನ ಲೆಕ್ಕ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗದರ್ಶಿಯ ಪ್ರಕಾರ ಈರುಳ್ಳಿ ಬೆಳೆಗೆ ಅದರ ಅವಧಿಯಲ್ಲಿ ಒಟ್ಟು 350ರಿಂದ 550 ಮಿ.ಮೀ. ನೀರು ಬೇಕು. ಒಂದು ಎಕರೆಗೆ 400 ಮಿ.ಮೀ. ಎಂದರೆ ಸುಮಾರು 16 ಲಕ್ಷ ಲೀಟರ್. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಇಲ್ಲಿನ ಮಳೆಯಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಬೀಳುತ್ತದೆ. ಅಂದರೆ ಜೂನ್–ಜುಲೈನಲ್ಲಿ ಎಳೆಯ ಪೈರಿಗೆ ನೀರು ಬೇಕಾದಾಗ ಮೋಡ ಕೈಕೊಡುತ್ತದೆ. ಗೆಡ್ಡೆ ಬಲಿತು ಒಣಹವೆ ಬೇಕಾದಾಗ ಮಳೆ ಹಿಡಿಯುತ್ತದೆ. ಮೊದಲಿನ ಕೊರತೆಯನ್ನು ತುಂಬುವ ಹೊಣೆ ಕೊಳವೆ ಬಾವಿಯದು.

ಆ ಕೊಳವೆ ಬಾವಿಯ ಸ್ಥಿತಿ ಹೇಗಿದೆ? ಅಂತರ್ಜಲದ ಅಂದಾಜುಗಳಲ್ಲಿ ಚಳ್ಳಕೆರೆ ತಾಲ್ಲೂಕು ಹಲವು ಬಾರಿ ‘ಅತಿಬಳಕೆ’ ವರ್ಗದಲ್ಲಿ ಕಾಣಿಸಿಕೊಂಡಿದೆ. ವರ್ಷಕ್ಕೆ ಬಳಕೆಗೆ ದೊರೆಯುವಷ್ಟು ಮರುಪೂರಣವಾಗುವ ನೀರಿಗಿಂತ ಹೆಚ್ಚಿನದನ್ನು ಮೇಲೆತ್ತುವ ತಾಲ್ಲೂಕನ್ನು ಈ ವರ್ಗಕ್ಕೆ ಸೇರಿಸಲಾಗುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಆದಾಯ ಮುಗಿದು ಬಂಡವಾಳವನ್ನೇ ತೆಗೆದು ಖರ್ಚು ಮಾಡುವ ಸ್ಥಿತಿ ಅದು. ಪಂಪ್‌ಸೆಟ್‌ಗೆ ವಿದ್ಯುತ್ ಬಿಲ್ ಇಲ್ಲದಿರುವುದರಿಂದ ಈ ಖರ್ಚು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಬಾವಿ ಬತ್ತಿ ಹೊಸದನ್ನು ಕೊರೆಸಬೇಕಾದ ದಿನ ಅಷ್ಟೂ ವರ್ಷಗಳ ಸವಕಳಿ ಒಮ್ಮೆಗೇ ಲೆಕ್ಕಕ್ಕೆ ಬರುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಗಂಟೆಗೆ 5,000 ಲೀಟರ್ ನೀರು ಕೊಡುವ ಕೊಳವೆ ಬಾವಿಯನ್ನು ದಿನಕ್ಕೆ ಏಳು ಗಂಟೆ ನಡೆಸಿದರೆ 35,000 ಲೀಟರ್ ದೊರೆಯುತ್ತದೆ. ಬೆಳೆಗೆ ದಿನಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೆ ಎಕರೆಗೆ ಸುಮಾರು 20,000 ಲೀಟರ್ ಬೇಕು. ಕಾಲುವೆ ಕಟ್ಟಿ ಮಡಿಗಳಿಗೆ ಹಾಯಿಸುವಾಗ ಅರ್ಧದಷ್ಟು ನೀರು ಮಾತ್ರ ಬೇರಿಗೆ ದಕ್ಕುತ್ತದೆ ಎಂದಾದರೆ ಈ ಬಾವಿ ಮಳೆಯಿಲ್ಲದ ದಿನಗಳಲ್ಲಿ ಒಂದು ಎಕರೆಯನ್ನೂ ಪೂರ್ಣವಾಗಿ ಸಾಕಲಾರದು. ಹನಿ ನೀರಾವರಿಯಲ್ಲಿ ಶೇ. 90ರಷ್ಟು ದಕ್ಕಿದರೆ ಅದೇ ಬಾವಿ ಒಂದೂವರೆ ಎಕರೆಯನ್ನು ಸಾಕುತ್ತದೆ.

ಮಣ್ಣಿನ ಪಾತ್ರವೂ ಇಲ್ಲಿ ಮುಖ್ಯ. ಮರಳು ಮಿಶ್ರಿತ ಕೆಂಪು ಮಣ್ಣಿನ ಮೇಲಿನ 30 ಸೆಂ.ಮೀ. ಪದರವು ಬೆಳೆಗೆ ಉಪಯೋಗವಾಗುವ ನೀರನ್ನು ಸುಮಾರು 30 ಮಿ.ಮೀ.ನಷ್ಟು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಕಪ್ಪು ಮಣ್ಣು ಇದಕ್ಕಿಂತ ಹೆಚ್ಚು ಹಿಡಿಯುತ್ತದೆ. ಕೆಂಪು ಮಣ್ಣಿಗೆ ಒಂದೇ ಸರದಿಯಲ್ಲಿ 60 ಮಿ.ಮೀ. ನೀರು ಹಾಯಿಸಿದರೆ ಕನಿಷ್ಠ ಅರ್ಧದಷ್ಟು ಬೇರಿನ ಕೆಳಗೆ ಇಳಿದುಹೋಗುತ್ತದೆ. ಎಕರೆಗೆ 30 ಮಿ.ಮೀ. ಎಂದರೆ 1 ಲಕ್ಷ 20 ಸಾವಿರ ಲೀಟರ್. ಮೇಲಿನ ಉದಾಹರಣೆಯ ಬಾವಿಯನ್ನು 24 ಗಂಟೆ ನಡೆಸಿ ಎತ್ತಿದ ನೀರಿಗೆ ಇದು ಸಮ. ಹೀಗೆ ಇಳಿಯುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದು ಮುಂದಿನ ವಿಷಯ.

ಸಾರಜನಕದ ಲೆಕ್ಕ

ನೀರಾವರಿ ಈರುಳ್ಳಿಗೆ ರಾಜ್ಯದಲ್ಲಿ ರೂಢಿಯಲ್ಲಿರುವ ಶಿಫಾರಸು ಹೆಕ್ಟೇರಿಗೆ 125 ಕಿಲೋ, ಅಂದರೆ ಎಕರೆಗೆ 50 ಕಿಲೋ ಸಾರಜನಕ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು, 45 ಕಿಲೋ ಚೀಲದಲ್ಲಿ 20.7 ಕಿಲೋ ದೊರೆಯುತ್ತದೆ. 50 ಕಿಲೋ ಡಿಎಪಿ ಚೀಲದಲ್ಲಿ ಸಾರಜನಕದ ಪಾಲು 9 ಕಿಲೋ. ಹೀಗಾಗಿ ಒಂದು ಚೀಲ ಡಿಎಪಿ ಹಾಗೂ ಎರಡು ಚೀಲ ಯೂರಿಯಾ ಹಾಕಿದರೆ ಎಕರೆಯೊಂದರ ಸಾರಜನಕದ ಬಾಬು ಪೂರ್ಣಗೊಳ್ಳುತ್ತದೆ. ರಂಜಕ ಮತ್ತು ಪೊಟ್ಯಾಷ್‌ನ ಉಳಿದ ಅಗತ್ಯವನ್ನು ಬೇರೆಯಾಗಿ ತುಂಬಬೇಕು. ಇದರ ಮೇಲೆ ಹಾಕುವ ಮೂರನೆಯ, ನಾಲ್ಕನೆಯ ಚೀಲ ಯೂರಿಯಾದಿಂದಲೇ ತೊಂದರೆಯ ಆರಂಭ.

ಈ ಹೆಚ್ಚುವರಿ ಚೀಲಕ್ಕೆ ಬೆಲೆಯೇ ಕಾರಣ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಜಾರಿಗೆ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಡಿಎಪಿ, ಪೊಟ್ಯಾಷ್‌ಗಳ ದರ ಏರಿತು. ಯೂರಿಯಾ ಮಾತ್ರ ಚೀಲಕ್ಕೆ ಸುಮಾರು 267 ರೂಪಾಯಿಯಲ್ಲಿ ಉಳಿಯಿತು. 1,350 ರೂಪಾಯಿಯ ಒಂದು ಚೀಲ ಡಿಎಪಿಯ ಹಣದಲ್ಲಿ ಐದು ಚೀಲ ಯೂರಿಯಾ ಬರುತ್ತದೆ. ಹಾಕಿದ ವಾರದಲ್ಲಿಯೇ ಹೊಲ ಹಸಿರಾಗಿ ಕಾಣುವುದರಿಂದ ಬೆಳೆಗಾರನಿಗೆ ಹಣ ಸಾರ್ಥಕವಾದಂತೆ ತೋರುವುದು ಸಹಜ.

ಬೆಳೆ ಎಷ್ಟನ್ನು ಬಳಸಿಕೊಳ್ಳುತ್ತದೆ? ಹೆಕ್ಟೇರಿಗೆ 40 ಟನ್ ಇಳುವರಿ ಕೊಡುವ ಈರುಳ್ಳಿ ಬೆಳೆಯು ಮಣ್ಣಿನಿಂದ ಎತ್ತುವ ಸಾರಜನಕ ಸುಮಾರು 90ರಿಂದ 95 ಕಿಲೋ ಎಂದು ಸಂಶೋಧನೆಗಳು ತಿಳಿಸುತ್ತವೆ. ಇದೇ ಪ್ರಮಾಣದಲ್ಲಿ ಎಕರೆಗೆ 80 ಕ್ವಿಂಟಲ್ ಬೆಳೆದ ಹೊಲವು ಸುಮಾರು 19 ಕಿಲೋ ಬಳಸಿರುತ್ತದೆ. ಹಾಕಿದ ಗೊಬ್ಬರವೆಲ್ಲವೂ ಬೇರಿಗೆ ದೊರೆಯುವುದಿಲ್ಲವಾದ ಕಾರಣ ಶಿಫಾರಸಿನಲ್ಲಿಯೇ 50 ಕಿಲೋ ಎಂದು ಹೆಚ್ಚಿಟ್ಟು ಹೇಳಲಾಗಿದೆ. ಅದಕ್ಕೆ ಮತ್ತೆ 40 ಕಿಲೋ ಸೇರಿಸಿದರೆ ಅದು ಗೆಡ್ಡೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಎರಡೂ ಖಾತೆಗಳು ಸೇರುವ ಜಾಗ

ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ರೂಪಕ್ಕೆ, ಬಳಿಕ ನೈಟ್ರೇಟ್ ರೂಪಕ್ಕೆ ಬದಲಾಗುತ್ತದೆ. ನೆಲದ ಮೇಲೆ ಚೆಲ್ಲಿ ಹಾಗೆಯೇ ಬಿಟ್ಟರೆ, ವಿಶೇಷವಾಗಿ ಕ್ಷಾರಗುಣದ ಮಣ್ಣಿನಲ್ಲಿ, ಒಂದಷ್ಟು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದ ಕಡೆ ಅದೂ ಹೋಗುತ್ತದೆ. ಬೇರಿನ ಕೆಳಗಿಳಿದ ಪ್ರತಿ ಸರದಿಯ ಹೆಚ್ಚುವರಿ ನೀರು ತನ್ನೊಡನೆ ಸಾರಜನಕವನ್ನೂ ಒಯ್ಯುತ್ತದೆ. ನೀರು ಹೆಚ್ಚಾದದ್ದರಿಂದ ಗೊಬ್ಬರ ಸಾಲದಾಗುತ್ತದೆ, ಸಾಲದೆಂದು ಇನ್ನಷ್ಟು ಹಾಕಲಾಗುತ್ತದೆ, ಅದೂ ಮುಂದಿನ ಸರದಿಯಲ್ಲಿ ಕೆಳಗಿಳಿಯುತ್ತದೆ.

ಎಲೆ ಹಳದಿಯಾದಾಗ ಈ ಗೊಂದಲ ಇನ್ನೂ ಹೆಚ್ಚುತ್ತದೆ. ಸತತ ಮಳೆಯಿಂದ ಮಡಿಯಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಎಲೆ ಹಳದಿಯಾಗುತ್ತದೆ. ನೋಡಲು ಇದು ಸಾರಜನಕದ ಕೊರತೆಯಂತೆಯೇ ಇರುತ್ತದೆ. ಉಸಿರುಗಟ್ಟಿದ ಬೇರು ಗೊಬ್ಬರವನ್ನು ಹೀರಲಾರದು. ಆ ಸ್ಥಿತಿಯಲ್ಲಿ ಹಾಕಿದ ಯೂರಿಯಾ ವ್ಯರ್ಥ. ಮೊದಲು ಆಗಬೇಕಾದ ಕೆಲಸ ಬಸಿಗಾಲುವೆ ತೆಗೆದು ನೀರನ್ನು ಹೊರಹಾಕುವುದು. ಹಾಗೆಯೇ ಎಲೆಯ ತುದಿ ಒಣಗುವುದಕ್ಕೆ ನೀರಿನ ಕೊರತೆ ಅಥವಾ ಥ್ರಿಪ್ಸ್ ನುಸಿ ಕಾರಣವಾಗಿರಬಹುದು. ರೋಗ ಯಾವುದೆಂದು ತಿಳಿಯದೆ ಕೊಡುವ ಮದ್ದಿನಂತೆ ಇಂತಹ ಸಂದರ್ಭದ ಯೂರಿಯಾ ಚೀಲ ಹಣವನ್ನಷ್ಟೇ ನುಂಗುತ್ತದೆ.

ಕೆಳಗಿಳಿದ ನೈಟ್ರೇಟ್ ಕೊನೆಗೆ ಅಂತರ್ಜಲಕ್ಕೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ಪರೀಕ್ಷಿಸಿದ ಮಾದರಿಗಳ ಪೈಕಿ ಸುಮಾರು ಅರ್ಧದಷ್ಟು ಈ ಮಿತಿಯನ್ನು ಮೀರಿದ್ದವು. ಗೊಬ್ಬರದ ಜೊತೆಗೆ ಚರಂಡಿ ನೀರು, ತಿಪ್ಪೆಗುಂಡಿಗಳೂ ಇದಕ್ಕೆ ಕಾರಣ. ಅದೇ ಬಾವಿಯ ನೀರನ್ನು ಕುಡಿಯುವ ಹಸುಳೆಗಳ ಆರೋಗ್ಯಕ್ಕೆ ಇದು ಅಪಾಯಕಾರಿ.

ಇಲ್ಲಿ ಲೆಕ್ಕಕ್ಕೆ ಸಿಗದ ಒಂದು ಜಮಾ ಬಾಬೂ ಇದೆ. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಸಾರಜನಕವಿರುತ್ತದೆ. ಬೆಳೆಗೆ ಬೇಕಾದ 16 ಲಕ್ಷ ಲೀಟರಿನಲ್ಲಿ ಅರ್ಧ ಭಾಗ ಅಂತಹ ಬಾವಿಯಿಂದ ಬಂದರೆ ನೀರಿನ ಮೂಲಕವೇ ಎಕರೆಗೆ 8 ಕಿಲೋ ಸಾರಜನಕ ಬಿದ್ದಂತಾಗುತ್ತದೆ. ಇದು 17 ಕಿಲೋ ಯೂರಿಯಾಕ್ಕೆ ಸಮ. ಮಣ್ಣು ಪರೀಕ್ಷೆಯ ಜೊತೆಗೆ ಬಾವಿಯ ನೀರನ್ನೂ ಒಮ್ಮೆ ಪರೀಕ್ಷೆಗೆ ಕಳುಹಿಸುವುದು ಏಕೆ ಲಾಭದಾಯಕ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊಲದ ತೂಕ, ಮಾರಾಟದ ತೂಕ

ಗೆಡ್ಡೆ ಉಬ್ಬಲು ಆರಂಭವಾದ ಮೇಲೆಯೂ ಸಾರಜನಕ ಸಿಗುತ್ತಿದ್ದರೆ ಗಿಡ ಹೊಸ ಎಲೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಪರಿಣಾಮವಾಗಿ ಬಲಿಯುವುದು ತಡವಾಗುತ್ತದೆ, ಕತ್ತು ದಪ್ಪವಾಗಿ ಹಸಿಯಾಗಿಯೇ ಉಳಿಯುತ್ತದೆ, ಗೆಡ್ಡೆಯ ಮಾಂಸ ಮೆದುವಾಗುತ್ತದೆ. ಸೊಂಪಾದ ಎಲೆಗಳ ನಡುವೆ ತೇವ ಉಳಿದು ನೇರಳೆ ಮಚ್ಚೆಯಂತಹ ರೋಗಗಳಿಗೆ ಅನುಕೂಲವಾಗುತ್ತದೆ. ಕೆಲ ದಿನ ಒಣಗಿಸಿ, ನಂತರ ಒಮ್ಮೆಲೇ ಭಾರಿ ನೀರು ಕೊಟ್ಟರೆ ಗೆಡ್ಡೆ ಸೀಳುವುದು, ಜೋಡಿಯಾಗುವುದು ಹೆಚ್ಚುತ್ತದೆ. ಮುಂಗಾರಿನ ಈರುಳ್ಳಿ ಹಿಂಗಾರಿನ ಈರುಳ್ಳಿಯಷ್ಟು ದಿನ ಮೊದಲೇ ಬಾಳುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ಮಳೆಯ ನಡುವೆ ಕಿತ್ತು, ಹಸಿ ಕತ್ತಿನೊಡನೆ ಚೀಲ ತುಂಬಿ ಲಾರಿಗೇರಿಸಿದರೆ ಬೆಂಗಳೂರು ತಲುಪುವಷ್ಟರಲ್ಲಿಯೇ ಚೀಲದ ನಡುವೆ ಕೊಳೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಇದರ ವಾಣಿಜ್ಯ ಅರ್ಥವನ್ನು ಗ್ರಹಿಸಲು ಎರಡು ಹೊಲಗಳನ್ನು ಕಲ್ಪಿಸಿಕೊಳ್ಳಬಹುದು. ಇವು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿದ ಅಂಕಿಗಳು ಮಾತ್ರ. ಮೊದಲನೆಯ ಹೊಲದಲ್ಲಿ ಶಿಫಾರಸಿನಂತೆ ನೀರು, ಗೊಬ್ಬರ ಕೊಟ್ಟು ಎಕರೆಗೆ 80 ಕ್ವಿಂಟಲ್ ಬೆಳೆಯಲಾಗಿದೆ. ಆರಿಸುವಿಕೆ ಮತ್ತು ಕೊಳೆಯಿಂದ ಶೇ. 10 ನಷ್ಟ. ಎರಡನೆಯದರಲ್ಲಿ ಹೆಚ್ಚು ನೀರು, ಹೆಚ್ಚು ಯೂರಿಯಾ ಕೊಟ್ಟು 88 ಕ್ವಿಂಟಲ್, ನಷ್ಟ ಶೇ. 25. ಮಾರಾಟಕ್ಕೆ ಉಳಿಯುವುದು ಮೊದಲನೆಯದರಲ್ಲಿ 72 ಕ್ವಿಂಟಲ್, ಎರಡನೆಯದರಲ್ಲಿ 66. ಕ್ವಿಂಟಲಿಗೆ 1,500 ರೂಪಾಯಿಯಂತೆ ಕ್ರಮವಾಗಿ 1,08,000 ಮತ್ತು 99,000 ರೂಪಾಯಿ. ಹೊಲದಲ್ಲಿ ತೂಗಿದಾಗ 8 ಕ್ವಿಂಟಲ್ ಮುಂದಿದ್ದ ಬೆಳೆ ಹಣ ಎಣಿಸುವಾಗ 9,000 ರೂಪಾಯಿ ಹಿಂದೆ ಬಿದ್ದಿರುತ್ತದೆ. ಗೊಬ್ಬರ, ಔಷಧಿ ಮತ್ತು ಆರಿಸುವ ಕೂಲಿಯ ಹೆಚ್ಚುವರಿ ವೆಚ್ಚ ಇದಕ್ಕೆ ಹೊರತು.

ಕಿತ್ತ ದಿನವೇ ಮಾರಿದರೆ ಈ ನಷ್ಟ ಬೆಳೆಗಾರನನ್ನು ಬಿಟ್ಟು ಖರೀದಿದಾರನ ಹೆಗಲೇರುತ್ತದೆ ಎಂಬ ವಾದವಿದೆ. ಮೊದಲ ಲಾರಿಯ ಮಟ್ಟಿಗೆ ಅದು ನಿಜ. ಆದರೆ ಚೀಲವನ್ನು ನೋಡಿ ಯಾವ ಹೊಲಕ್ಕೆ ಎಷ್ಟು ಯೂರಿಯಾ ಬಿದ್ದಿದೆ ಎಂದು ಹೇಳಲು ವರ್ತಕನಿಗೆ ಸಾಧ್ಯವಿಲ್ಲ. ಒಂದೆರಡು ಬಾರಿ ಕೈಸುಟ್ಟುಕೊಂಡವನು ಆ ಭಾಗದ ಮಾಲಿಗೆಲ್ಲಾ ಮುಂಚಿತವಾಗಿಯೇ ದರ ಇಳಿಸಿ ಕೇಳುತ್ತಾನೆ. ಆಗ ಮಿತವಾಗಿ ಗೊಬ್ಬರ ಹಾಕಿ, ಚೆನ್ನಾಗಿ ಒಣಗಿಸಿ ತಂದ ಬೆಳೆಗಾರನೂ ನೆರೆಯವನ ನಷ್ಟವನ್ನು ತುಂಬಿಕೊಡಬೇಕಾಗುತ್ತದೆ. ಒಳ್ಳೆಯ ಮಾಲಿಗೆ ಪ್ರತ್ಯೇಕ ಬೆಲೆ ಸಿಗದಿದ್ದರೆ ಮುಂದಿನ ವರ್ಷ ಅವನೂ ತೂಕದ ಹಿಂದೆಯೇ ಹೋಗುವನು. ಗುಣಮಟ್ಟದ ಕುಸಿತಕ್ಕೆ ಬೆಳೆಗಾರನ ಅಜ್ಞಾನವೊಂದೇ ಕಾರಣವೆನ್ನುವುದು ಸರಿಯಲ್ಲ. ತೂಕಕ್ಕೆ ಮಾತ್ರ ಬೆಲೆ ಕಟ್ಟುವ ಮಾರುಕಟ್ಟೆಯ ಪಾಲೂ ಅದರಲ್ಲಿದೆ.

ಅನುಸರಿಸಬಹುದಾದ ಕ್ರಮಗಳು

1. ಸಾರಜನಕವನ್ನು ಕಂತುಗಳಲ್ಲಿ ಕೊಡಬೇಕು. ಅರ್ಧ ಭಾಗ ಆರಂಭದಲ್ಲಿ, ಉಳಿದದ್ದು ಎಲೆ ಬೆಳೆಯುವ ಹಂತದಲ್ಲಿ ಒಂದು ಅಥವಾ ಎರಡು ಬಾರಿ. ಸಸಿ ನಾಟಿ ಮಾಡಿದ ಬೆಳೆಯಲ್ಲಿ 60 ದಿನಗಳ ನಂತರ ಸಾರಜನಕ ಸಲ್ಲದು. ನೇರ ಬಿತ್ತನೆಯ ಹೊಲದಲ್ಲಿ ದಿನ ಎಣಿಸುವ ಬದಲು ಗೆಡ್ಡೆ ಉಬ್ಬಲು ಆರಂಭಿಸುವುದನ್ನೇ ಕೊನೆಯ ಗಡುವೆಂದು ತಿಳಿಯಬೇಕು.

2. ಯೂರಿಯಾ ಹಾಕಿದ ನಂತರ ಹಗುರವಾಗಿ ನೀರು ಕೊಟ್ಟರೆ ಅದು ಬೇರಿನ ಪದರದಲ್ಲಿಯೇ ನಿಲ್ಲುತ್ತದೆ. ಭಾರಿ ಮಳೆಯ ಮುನ್ಸೂಚನೆ ಇರುವಾಗ ಗೊಬ್ಬರವನ್ನು ಮುಂದೂಡುವುದು ಲೇಸು.

3. ಕೆಂಪು ಮಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಬೇಗ ಬೇಗ, ಕಪ್ಪು ಮಣ್ಣಿಗೆ ತುಸು ಅಂತರ ಕೊಟ್ಟು ನೀರು ಹಾಯಿಸಬೇಕು. ಗೆಡ್ಡೆ ಉಬ್ಬುವ ಹಂತದಲ್ಲಿ ನೀರಿನ ಕೊರತೆಯಾದರೆ ಇಳುವರಿಗೆ ನೇರ ಪೆಟ್ಟು. ಆದ್ದರಿಂದ ಉಳಿಸಿದ ನೀರನ್ನು ಆ ಹಂತಕ್ಕೆ ಕಾದಿಡಬೇಕು.

4. ಏರುಮಡಿಯ ಮೇಲೆ ಹನಿ ನೀರಾವರಿ ಅಳವಡಿಸಿದರೆ ಬರದಲ್ಲಿ ನೀರು ಉಳಿಯುತ್ತದೆ, ಮಳೆಯಲ್ಲಿ ನೀರು ಬಸಿಯುತ್ತದೆ. ಸಾರಜನಕವನ್ನು ಹನಿ ನೀರಿನೊಡನೆಯೇ ಸಣ್ಣ ಕಂತುಗಳಲ್ಲಿ ಕೊಡಬಹುದು.

5. ಕಟಾವಿಗೆ 10ರಿಂದ 15 ದಿನ ಮೊದಲೇ ನೀರು ನಿಲ್ಲಿಸಬೇಕು. ಅರ್ಧದಷ್ಟು ಗಿಡಗಳ ಕತ್ತು ಬಾಗಿದಾಗ ಕಿತ್ತು, ಕತ್ತು ಒಣಗುವವರೆಗೆ ಗಾಳಿಯಾಡುವ ನೆರಳಿನಲ್ಲಿ ಹರಡಿದ ನಂತರವೇ ಚೀಲ ತುಂಬಬೇಕು.

6. ಪೊಟ್ಯಾಷ್ ಮತ್ತು ಗಂಧಕವನ್ನು ಕಡೆಗಣಿಸಬಾರದು. ಈರುಳ್ಳಿಯ ಘಾಟು ಗಂಧಕದಿಂದಲೇ ಬರುವುದು. ಮಣ್ಣು ಪರೀಕ್ಷೆಯ ಆಧಾರದಲ್ಲಿ ಪ್ರಮಾಣ ನಿರ್ಧರಿಸಲು ಹಿರಿಯೂರು ಬಳಿಯ ಬಬ್ಬೂರು ಫಾರಂನಲ್ಲಿರುವ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ತಜ್ಞರ ಸಲಹೆ ಪಡೆಯಬಹುದು.

ವರ್ತಕ ಸಮುದಾಯದ ಪಾತ್ರ

ಗೊಬ್ಬರದ ಅಂಗಡಿಯ ಮಾಲೀಕನ ಸಲಹೆಯನ್ನು ಹಳ್ಳಿಯ ಬೆಳೆಗಾರ ಬಹುತೇಕ ಒಪ್ಪಿಕೊಳ್ಳುತ್ತಾನೆ. ಮೂರನೆಯ ಚೀಲ ಯೂರಿಯಾ ಕೇಳಿ ಬಂದವನಿಗೆ ಬೆಳೆ ಎಷ್ಟು ದಿನದ್ದೆಂದು ಒಂದು ಮಾತು ವಿಚಾರಿಸಿದರೆ ಸಾಕು. ಯೂರಿಯಾದಲ್ಲಿ ಮಾರಾಟಗಾರನಿಗೆ ಸಿಗುವ ಲಾಭಾಂಶ ಅಲ್ಪ. ಬೆಳೆ ಕೊಳೆತರೆ ಅವನ ಉದ್ದರಿ ಪುಸ್ತಕದಲ್ಲಿ ವಸೂಲಾಗದೆ ಉಳಿಯುವ ಬಾಕಿ ಅದಕ್ಕಿಂತ ಬಹಳ ದೊಡ್ಡದು. ಮಂಡಿಯ ವರ್ತಕರು ಒಣಗಿದ ಕತ್ತು, ಗಟ್ಟಿ ಗೆಡ್ಡೆ, ಏಕರೂಪದ ಗಾತ್ರ ಎಂಬ ಮೂರು ಲಕ್ಷಣಗಳನ್ನು ಗುರುತಿಸಿ, ಅಂತಹ ಮಾಲನ್ನು ಬೇರೆ ರಾಶಿಯಾಗಿ ಹರಾಜಿಗಿಟ್ಟು ಹೆಚ್ಚಿನ ದರ ಕೊಡುವ ಪದ್ಧತಿಯನ್ನು ದೃಢಪಡಿಸಿದರೆ, ಯಾವ ಪ್ರಚಾರ ಶಿಬಿರವೂ ಮಾಡಲಾಗದ ಕೆಲಸವನ್ನು ಆ ದರದ ವ್ಯತ್ಯಾಸವೇ ಮಾಡುತ್ತದೆ. ಬೆಳೆಸಾಲ ಕೊಡುವ ಬ್ಯಾಂಕುಗಳೂ ಸಹಕಾರ ಸಂಘಗಳೂ ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಯನ್ನು ಸಾಲದ ಅರ್ಜಿಯೊಡನೆ ಕೇಳುವ ರೂಢಿಯನ್ನು ಬೆಳೆಸಬಹುದು.

ಅಂತರ್ಜಲ ಕುಸಿದಂತೆ ಈರುಳ್ಳಿಯ ವಿಸ್ತೀರ್ಣ ಕುಗ್ಗುವುದು, ವಿಸ್ತೀರ್ಣ ಕುಗ್ಗಿದಂತೆ ಅದನ್ನು ನಂಬಿದ ವ್ಯಾಪಾರವೂ ಕುಗ್ಗುವುದು ಅನಿವಾರ್ಯ. ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಒಂದು ಕ್ವಿಂಟಲ್ ಈರುಳ್ಳಿಯ ನಿಜವಾದ ಉತ್ಪಾದನಾ ವೆಚ್ಚವನ್ನು ಹಾಕುವಾಗ ಬೀಜ, ಗೊಬ್ಬರ, ಕೂಲಿಗಳ ಜೊತೆಗೆ ಎತ್ತಿದ ನೀರಿನ ಒಂದು ಕಾಲಂ ಕೂಡ ಇರಬೇಕು. ಆ ಕಾಲಂ ತುಂಬಿದ ದಿನ ಯಾವ ಸರದಿಯ ನೀರು, ಯಾವ ಚೀಲದ ಯೂರಿಯಾ ಲಾಭಕ್ಕೆ ಸೇರಿದ್ದು, ಯಾವುದು ನಷ್ಟಕ್ಕೆ ಸೇರಿದ್ದು ಎಂಬುದನ್ನು ಬೆಳೆಗಾರನೂ ವರ್ತಕನೂ ಒಂದೇ ಹಾಳೆಯಲ್ಲಿ ಓದಬಲ್ಲರು.